ಕೇಸ್ ಹಾಕಲಾರದವರ ಹೆಸರು

ನಮ್ಮ ಮಾನನಷ್ಟದ ಕಾನೂನಿನಲ್ಲಿ ಒಂದು ಗಡಿಯಾರದ ಕಳ್ಳತನ ಬರುತ್ತದೆ. ಕಾನೂನು ಬರೆದವರು ಉದಾಹರಣೆಗೆಂದು ಕೊಟ್ಟದ್ದು ಅದು. ಬಿ ಎಂಬುವನ ಗಡಿಯಾರ ಕಳುವಾಗಿದೆ. ಎ ಎಂಬುವನು ಹೇಳುತ್ತಾನೆ: ‘ಝಡ್ ಪ್ರಾಮಾಣಿಕ ಮನುಷ್ಯ. ಅವನು ಬಿಯ ಗಡಿಯಾರ ಕದ್ದೇ ಇಲ್ಲ.’ ಕೇಳಿದವರು ಝಡ್‌ನೇ ಕದ್ದಿದ್ದಾನೆ ಅಂದುಕೊಳ್ಳಲಿ ಅಂತಲೇ ಹಾಗೆ ಹೇಳಿದ್ದರೆ, ಅದು ಮಾನನಷ್ಟ. ಎರಡನೇ ಉದಾಹರಣೆಯಲ್ಲಿ ಮಾತೇ ಇಲ್ಲ. ಗಡಿಯಾರ ಕದ್ದವರು ಯಾರು ಅಂತ ಕೇಳಿದಾಗ ಎ ಸುಮ್ನೆ ಝಡ್ ಕಡೆ ಬೆರಳು ತೋರಿಸುತ್ತಾನೆ. ಮೂರನೆಯದರಲ್ಲಿ, ಝಡ್ ಗಡಿಯಾರ ಹಿಡಿದುಕೊಂಡು ಓಡುತ್ತಿರುವ ಹಾಗೆ ಒಂದು ಚಿತ್ರ ಬರೆಯುತ್ತಾನೆ. ಮೂರೂ ಮಾನನಷ್ಟವೇ.

ಇದು 1860ರ ದಂಡ ಸಂಹಿತೆಯ ಕಲಂ 499ರಲ್ಲಿ ಇದ್ದದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕಲಂ ಸಂಖ್ಯೆ 356 ಆಯಿತು. ಗಡಿಯಾರ ಮಾತ್ರ ಹಾಗೇ ಇದೆ. ಕಳ್ಳತನವೋ ಕೊಲೆಯೋ ಆದ ದಿನ ನಮ್ಮ ಫೋನಿನಲ್ಲಿ ಏನೇನು ಬರುತ್ತದೆ ನೋಡಿ. ‘ಅವರು ಭಾರೀ ಒಳ್ಳೆಯವರು ಬಿಡಿ, ಅವರು ಮಾಡಿರ್ತಾರಾ’ ಅಂತ ಒಬ್ಬರು ಬರೆದು, ಪಕ್ಕದಲ್ಲಿ ನಗುವ ಮುಖ ಹಾಕುತ್ತಾರೆ. ಇನ್ನೊಬ್ಬರು ಏನೂ ಬರೆಯದೆ ಒಂದು ಹೆಸರನ್ನು ಟ್ಯಾಗ್ ಮಾಡುತ್ತಾರೆ. ಮತ್ತೊಬ್ಬರು ಒಂದು ಮೀಮ್ ಮಾಡಿ ಹರಿಯಬಿಡುತ್ತಾರೆ. ಮೂವರೂ ‘ನಾನು ಏನೂ ಹೇಳಲೇ ಇಲ್ಲವಲ್ಲ’ ಅಂದುಕೊಂಡಿರುತ್ತಾರೆ. ಅವರು ಹೇಳಿಯಾಗಿದೆ ಅಂತ ಕಾನೂನು ನೂರಾ ಅರವತ್ತು ವರ್ಷದಿಂದ ಹೇಳುತ್ತಿದೆ.

ಈ ಕಾನೂನಿನ ಬಗ್ಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಹೀಗೆ ಬರೆದರೆ ನನ್ನ ಮೇಲೆ ಕೇಸ್ ಬೀಳುತ್ತಾ? ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಉತ್ತರ ಮುಂದೆ ಬರೆಯುತ್ತೇನೆ. ಆದರೆ ಆ ಪ್ರಶ್ನೆಯೊಂದನ್ನೇ ಇಟ್ಟುಕೊಂಡು ಹೊರಟವರು ಎಲ್ಲಿಗೆ ಮುಟ್ಟುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ವಕೀಲರನ್ನು ಇಟ್ಟುಕೊಳ್ಳಬಲ್ಲವರ ಹೆಸರು ಬಂದಾಗ ‘ಒಬ್ಬ ಪ್ರಭಾವಿ ವ್ಯಕ್ತಿ’ ಅಂತ ಬರೆಯುತ್ತಾರೆ. ವಕೀಲರ ಮೆಟ್ಟಿಲು ಹತ್ತಲಾರದವನು ಸಿಕ್ಕರೆ ಹೆಸರು, ಊರು, ಮುಖ ಎಲ್ಲವನ್ನೂ ಹಾಕುತ್ತಾರೆ.

ನಮ್ಮ ಬಡಾವಣೆಯಲ್ಲಿ ಒಂದು ಮನೆಯ ಬೀಗ ಒಡೆದು ಕಳ್ಳತನ ಆಯಿತು. ಮನೆಯವರು ಮದುವೆಗೆ ಹೋಗಿದ್ದರು. ಮಾರನೇ ದಿನ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಪಕ್ಕದ ಮನೆಯ ಸಿಸಿಟಿವಿ ತುಣುಕು ಬಂತು. ಬೂದು ಬಣ್ಣದ ಟೀ ಶರ್ಟ್ ಹಾಕಿದ ಹುಡುಗ, ಬೆನ್ನಿಗೆ ದೊಡ್ಡ ಬ್ಯಾಗು. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಫೋನ್ ನೋಡುತ್ತಾನೆ. ತಲೆ ಎತ್ತಿ ಮನೆ ನೋಡುತ್ತಾನೆ. ಎದುರು ಸಾಲಿಗೆ ಹೋಗಿ ಮತ್ತೆ ವಾಪಸ್ ಬರುತ್ತಾನೆ. ಗೇಟಿನ ಮೇಲಿಂದ ಒಳಗೆ ಬಗ್ಗಿ ನೋಡಿ ಹೊರಟುಹೋಗುತ್ತಾನೆ. ಇಷ್ಟೇ ಇರುವುದು.

‘ಇವನೇ ಇರಬೇಕು’ ಅಂತ ಮೊದಲ ಮೆಸೇಜು. ‘ನೋಟ ನೋಡಿದ್ರೇ ಗೊತ್ತಾಗುತ್ತೆ, ಹೊಂಚು ಹಾಕೋಕೆ ಬಂದಿರೋನು’ ಅಂತ ಎರಡನೆಯದು. ಯಾರೋ ಮುಖ ಕಾಣುವ ಹಾಗೆ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದರು. ಅದಕ್ಕೆ ಕೆಂಪು ಸುತ್ತು ಹಾಕಿದರು. ಮೇಲೆ ‘ಕಳ್ಳ ಇದ್ದಾನೆ ಎಚ್ಚರಿಕೆ, ಎಲ್ಲಾ ಗ್ರೂಪಿಗೂ ಕಳಿಸಿ’ ಅಂತ ಬರೆದರು. ಮಧ್ಯಾಹ್ನದ ಹೊತ್ತಿಗೆ ಅದೇ ಚಿತ್ರ ನನಗೆ ಬೇರೆ ಊರಿನ ನೆಂಟರಿಂದ ಬಂತು. ‘ನಿಮ್ಮ ಕಡೆಯೇ ಅಲ್ವಾ ಇದು’ ಅಂತ ಕೇಳಿದ್ದರು.

ಆ ಹುಡುಗ ಕೊರಿಯರ್ ತಲುಪಿಸುವವನು. ನಮ್ಮ ಬಡಾವಣೆಯಲ್ಲಿ ಪ್ರತಿ ಮನೆಗೂ ಹಳೇ ನಂಬರು ಬೇರೆ, ಹೊಸ ನಂಬರು ಬೇರೆ. ಪಾರ್ಸೆಲ್ ಮೇಲೆ ಇದ್ದದ್ದು ಹಳೇ ನಂಬರು. ಎರಡು ದಿನ ಬಿಟ್ಟು ತನ್ನ ಮೇಲಿನವರನ್ನು ಕರೆದುಕೊಂಡು, ಆ ದಿನದ ಡೆಲಿವರಿ ಪಟ್ಟಿ ಹಿಡಿದುಕೊಂಡು ಸಂಘದ ಕಾರ್ಯದರ್ಶಿಗಳ ಮನೆಗೆ ಬಂದ. ಆಗ ನಾನೂ ಅಲ್ಲೇ ಇದ್ದೆ. ಕಾರ್ಯದರ್ಶಿಗಳು ಪಟ್ಟಿ ನೋಡಿ, ‘ಆಯ್ತು ಬಿಡಪ್ಪಾ, ಗೊತ್ತಾಗ್ಲಿಲ್ಲ. ಈಗ್ಲೇ ಡಿಲೀಟ್ ಮಾಡಿಸ್ತೀನಿ’ ಅಂದರು. ಹುಡುಗ ಅಲ್ಲೇ ನಿಂತಿದ್ದ. ‘ಸಾರ್, ನಮ್ಮ ಅಮ್ಮನ ಫೋನಿಗೂ ಬಂದಿದೆ. ಅದು ಎಲ್ಲೆಲ್ಲಿ ಹೋಗಿದೆ ಅಂತ ನಂಗೆ ಹೆಂಗ್ ಗೊತ್ತಾಗುತ್ತೆ ಸಾರ್?’ ಅಂತ ಕೇಳಿದ. ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅವನಿಗೆ ಮಾನನಷ್ಟ ಆಗಿದೆ. ಕೆಂಪು ಸುತ್ತು ಹಾಕಿದ ಆ ಚಿತ್ರಕ್ಕೂ ಝಡ್ ಗಡಿಯಾರ ಹಿಡಿದು ಓಡುವ ಚಿತ್ರಕ್ಕೂ ವ್ಯತ್ಯಾಸ ಇಲ್ಲ. ಆದರೆ ಅವನು ಏನು ಮಾಡಬಹುದು? ಪೊಲೀಸರಿಗೆ ಹೇಳಿದರೆ, ಇದು ನಾವು ನೇರವಾಗಿ ಎಫ್‌ಐಆರ್ ಹಾಕುವ ಅಪರಾಧ ಅಲ್ಲ, ಕೋರ್ಟಿಗೆ ಹೋಗು ಅನ್ನುತ್ತಾರೆ. ಅದು ನಿಜವೂ ಹೌದು. ಮಾನ ಹೋದವನೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಈಗಿನ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕೋರ್ಟು ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ಎದುರಿನವರ ಮಾತನ್ನೂ ಕೇಳಬೇಕು. ಫೋನಿನಲ್ಲಿರುವ ಸ್ಕ್ರೀನ್‌ಶಾಟ್ ಸಾಕ್ಷಿ ಅನ್ನಿಸಿಕೊಳ್ಳಲು ಅದರ ಜೊತೆ ಕಾನೂನು ಹೇಳುವ ಪ್ರಮಾಣಪತ್ರ ಬೇಕು. ಆಮೇಲೆ ತಾರೀಖಿನ ಮೇಲೆ ತಾರೀಖು. ಅವನು ಒಂದು ದಿನ ರಜೆ ಹಾಕಿದರೆ ಆ ದಿನದ ದುಡಿಮೆ ಇಲ್ಲ.

ಪರಿಹಾರದ ಹಣ ಬೇಕೆಂದರೆ ಸಿವಿಲ್ ದಾವೆ ಹೂಡಬೇಕು. ಅದಕ್ಕೆ ಸಮಯ ಒಂದೇ ವರ್ಷ. ಎಷ್ಟು ಪರಿಹಾರ ಕೇಳುತ್ತಾನೋ ಅದಕ್ಕೆ ತಕ್ಕಂತೆ ಕೋರ್ಟ್ ಫೀ ಮೊದಲೇ ಕಟ್ಟಬೇಕು. ಗೆದ್ದರೆ ಫೀ ಕೊಡುತ್ತೇನೆ ಅಂತ ವಕೀಲರ ಜೊತೆ ಮಾತಾಡಿಕೊಳ್ಳುವ ಹಾಗೂ ಇಲ್ಲ, ನಮ್ಮ ಬಾರ್ ಕೌನ್ಸಿಲ್ ನಿಯಮ ಅದಕ್ಕೆ ಒಪ್ಪುವುದಿಲ್ಲ. ಅಷ್ಟಕ್ಕೂ ದಾವೆ ಹೂಡುವುದು ಯಾರ ಮೇಲೆ? ಮೊದಲು ಹಾಕಿದವರ ಮೇಲೋ, ಕೆಂಪು ಸುತ್ತು ಹಾಕಿದವರ ಮೇಲೋ, ಅಮ್ಮನಿಗೆ ಕಳಿಸಿದವರ ಮೇಲೋ?

ಆ ಗುಂಪಿನಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ, ಒಬ್ಬರು ವಕೀಲರೂ ಇದ್ದಾರೆ. ಯಾರಿಗೂ ಅಪಾಯ ಅನ್ನಿಸಲಿಲ್ಲ. ಲೆಕ್ಕ ಹಾಕಿದರೆ ನಿಜವಾಗಿಯೂ ಅಪಾಯ ಇರಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಅದೇ.

ಶಕ್ತಿ ಇರುವವರ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಇದೆ. 2012ರ ನವೆಂಬರ್ 2ರಂದು ಬಿಬಿಸಿಯ ನ್ಯೂಸ್‌ನೈಟ್ ಕಾರ್ಯಕ್ರಮದಲ್ಲಿ ಒಂದು ವರದಿ ಬಂತು. ಉತ್ತರ ವೇಲ್ಸ್‌ನ ಮಕ್ಕಳ ಆಶ್ರಯಧಾಮದಲ್ಲಿ ಬೆಳೆದ ಒಬ್ಬರು, ಪ್ರಧಾನಿ ಥ್ಯಾಚರ್ ಕಾಲದ ಒಬ್ಬ ದೊಡ್ಡ ರಾಜಕಾರಣಿ ತಮ್ಮ ಮೇಲೆ ಬಾಲ್ಯದಲ್ಲಿ ದೌರ್ಜನ್ಯ ಮಾಡಿದ್ದರು ಅಂತ ಹೇಳಿದ್ದರು. ಬಿಬಿಸಿ ಹೆಸರು ಹೇಳಲಿಲ್ಲ. ಹೆಸರನ್ನು ಜನರೇ ಊಹೆ ಮಾಡಿ ತುಂಬಿದರು. ಕನ್ಸರ್ವೇಟಿವ್ ಪಕ್ಷದ ಖಜಾಂಚಿಯಾಗಿದ್ದ ಲಾರ್ಡ್ ಮೆಕಾಲ್ಪೈನ್ ಹೆಸರು ಟ್ವಿಟರ್ ತುಂಬಾ ಓಡಾಡಿತು. ನವೆಂಬರ್ 4ರಂದು, ಆಗಿನ ಹೌಸ್ ಆಫ್ ಕಾಮನ್ಸ್ ಸ್ಪೀಕರ್ ಅವರ ಹೆಂಡತಿ ಸ್ಯಾಲಿ ಬರ್ಕೋ ಒಂದು ಸಾಲು ಬರೆದರು. ಲಾರ್ಡ್ ಮೆಕಾಲ್ಪೈನ್ ಯಾಕೆ ಟ್ರೆಂಡ್ ಆಗುತ್ತಿದ್ದಾರೆ ಅಂತ ಒಂದು ಪ್ರಶ್ನೆ, ಪಕ್ಕದಲ್ಲಿ ‘ಮುಗ್ಧ ಮುಖ’ ಅನ್ನುವ ಎರಡು ಪದ. ಅಷ್ಟೇ.

ಒಂದು ವಾರದೊಳಗೆ ಆ ದೂರು ಕೊಟ್ಟವರೇ ಮೆಕಾಲ್ಪೈನ್ ಫೋಟೋ ನೋಡಿ, ಇವರಲ್ಲ, ನನ್ನಿಂದ ತಪ್ಪಾಗಿದೆ ಅಂತ ಕ್ಷಮೆ ಕೇಳಿದರು. ಬಿಬಿಸಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಬಿಬಿಸಿ 1,85,000 ಪೌಂಡ್, ಇನ್ನೊಂದು ಟಿವಿ ಸಂಸ್ಥೆಯಾದ ಐಟಿವಿ 1,25,000 ಪೌಂಡ್ ಪರಿಹಾರ ಕೊಟ್ಟವು. ಬರ್ಕೋ ಮಾತ್ರ, ನಾನು ಆರೋಪ ಮಾಡಿಲ್ಲ, ಸುಮ್ನೆ ಕೇಳಿದ್ದು ಅಂತ ವಾದ ಹೂಡಿದರು. 2013ರ ಮೇ 24ರಂದು ಲಂಡನ್ನಿನ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆ ವಾರದ ಸುದ್ದಿ ಗೊತ್ತಿದ್ದ ಯಾವ ಓದುಗನಿಗೂ ಆ ‘ಮುಗ್ಧ ಮುಖ’ದ ಅರ್ಥ ಸ್ಪಷ್ಟವಾಗಿತ್ತು, ಅದು ಆರೋಪವೇ ಅಂತ ನ್ಯಾಯಮೂರ್ತಿ ಟುಗೆಂಡ್‌ಹ್ಯಾಟ್ ತೀರ್ಪು ಕೊಟ್ಟರು. ನಮ್ಮ ಕಲಂ 356ರ ವಿವರಣೆಯಲ್ಲೂ ಇದೇ ಇದೆ. ವ್ಯಂಗ್ಯವಾಗಿ ಹೇಳಿದರೂ, ಇದೋ ಅದೋ ಅಂತ ಎರಡು ಸಾಧ್ಯತೆ ಇಟ್ಟು ಹೇಳಿದರೂ ಅದು ಮಾನನಷ್ಟ ಆಗಬಹುದು.

ಮೆಕಾಲ್ಪೈನ್ ಸಾವಿರಾರು ಟ್ವೀಟುಗಳ ಪಟ್ಟಿ ಮಾಡಿಸಿದರು. 500ಕ್ಕಿಂತ ಕಡಿಮೆ ಫಾಲೋವರ್ ಇದ್ದವರು ಕ್ಷಮೆ ಕೇಳಿ ಮಕ್ಕಳ ದತ್ತಿನಿಧಿಗೆ ಸಣ್ಣ ದೇಣಿಗೆ ಕೊಟ್ಟರೆ ಸಾಕು ಅಂದರು. ದೊಡ್ಡವರನ್ನು ಕೋರ್ಟಿಗೆ ಎಳೆದರು. ಅವರಿಗೆ ಅನ್ಯಾಯ ಆಗಿತ್ತು, ಅದನ್ನು ಸರಿ ಮಾಡಿಕೊಳ್ಳುವ ಶಕ್ತಿಯೂ ಇತ್ತು. ನಮ್ಮ ಕೊರಿಯರ್ ಹುಡುಗನಿಗೆ ಆಗಿದ್ದೂ ಅದೇ ಜಾತಿಯ ಅನ್ಯಾಯ. ಅವನಿಗೆ ಸಿಕ್ಕಿದ್ದು ‘ಆಯ್ತು ಬಿಡಪ್ಪಾ’.

ಅದೇ ದೇಶದ ಇನ್ನೊಂದು ಪ್ರಕರಣ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದೆ. ಬ್ರಿಸ್ಟಲ್ ನಗರದಲ್ಲಿ 2010ರ ಡಿಸೆಂಬರ್ 17ರ ರಾತ್ರಿ 25 ವರ್ಷದ ಒಬ್ಬ ಯುವತಿ ಕಾಣೆಯಾದರು. ಕ್ರಿಸ್‌ಮಸ್ ದಿನ ಶವ ಸಿಕ್ಕಿತು. ಡಿಸೆಂಬರ್ 30ರಂದು ಪೊಲೀಸರು ಆಕೆಯ ಮನೆ ಮಾಲೀಕ ಕ್ರಿಸ್ಟೋಫರ್ ಜೆಫ್ರೀಸ್ ಅವರನ್ನು ಬಂಧಿಸಿದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಒಂಟಿಯಾಗಿದ್ದವರು, ಆಗ 65 ವರ್ಷ. ಮುಂದಿನ ಕೆಲವು ದಿನ ಪತ್ರಿಕೆಗಳು ಅವರ ಕೂದಲಿನ ಬಗ್ಗೆ ಬರೆದವು, ಪಾಠ ಮಾಡುತ್ತಿದ್ದ ರೀತಿ ಬಗ್ಗೆ ಬರೆದವು. ಮದುವೆ ಆಗದೆ ಇರುವ ಗಂಡಸು, ಉದ್ದ ಕೂದಲು, ಕವಿತೆ ಇಷ್ಟ, ಇನ್ನೇನು ಬೇಕು ಅನ್ನುವ ಹಾಗಿತ್ತು ಆ ಬರವಣಿಗೆ. ಜನವರಿ 1ಕ್ಕೆ ಅವರನ್ನು ಜಾಮೀನಿನ ಮೇಲೆ ಬಿಟ್ಟರು. ಅವರ ಮೇಲೆ ಆರೋಪಪಟ್ಟಿ ಬರಲೇ ಇಲ್ಲ.

ಕೊಂದವನು ಅದೇ ಕಟ್ಟಡದಲ್ಲಿ, ಆಕೆಯ ಪಕ್ಕದ ಫ್ಲಾಟಿನಲ್ಲಿ ಇದ್ದ ಇಂಜಿನಿಯರ್. 2011ರ ಅಕ್ಟೋಬರ್‌ನಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಜೆಫ್ರೀಸ್ ಬಂಧನ ಆದಮೇಲೆ ಅವನೇ ನೆದರ್ಲೆಂಡ್ಸ್‌ನಿಂದ ಪೊಲೀಸರಿಗೆ ಫೋನ್ ಮಾಡಿದ್ದ. ಕೊಲೆಯಾದ ರಾತ್ರಿ ಮನೆ ಮಾಲೀಕರ ಕಾರಿನ ಓಡಾಟದ ಬಗ್ಗೆ ಅನುಮಾನ ಬರುವ ಹಾಗೆ ಮಾತಾಡಿದ್ದ. ಗಡಿಯಾರ ಯಾರು ಕದ್ದರು ಅಂದಾಗ ಕದ್ದವನೇ ಪಕ್ಕದವರ ಕಡೆ ಬೆರಳು ತೋರಿಸಿದ್ದ. ಅಷ್ಟೂ ದಿನ ಓದಿ, ಬರೆದು, ಹರಟಿದವರೆಲ್ಲ ಆ ಬೆರಳು ತೋರಿಸಿದ ಕಡೆಯೇ ನೋಡುತ್ತಿದ್ದರು. ಕೊಲೆಯಾದವರಿಗೆ ನ್ಯಾಯ ಸಿಗಲಿ ಅಂತಲೇ ಅವರು ಮಾತಾಡುತ್ತಿದ್ದದ್ದು. ಅದರ ಲಾಭ ಆದದ್ದು ಕೊಂದವನಿಗೆ.

ಎಂಟು ಪತ್ರಿಕೆಗಳು 2011ರ ಜುಲೈನಲ್ಲಿ ಜೆಫ್ರೀಸ್ ಅವರಿಗೆ ಪರಿಹಾರ ಕೊಟ್ಟು ಕ್ಷಮೆ ಕೇಳಿದವು. ಡೈಲಿ ಮಿರರ್ 50,000 ಪೌಂಡ್, ಸನ್ 18,000 ಪೌಂಡ್ ನ್ಯಾಯಾಂಗ ನಿಂದನೆಯ ದಂಡ ಕಟ್ಟಿದವು. ಪೊಲೀಸರು ಕ್ಷಮೆ ಕೇಳುವ ಹೊತ್ತಿಗೆ 2013 ಆಗಿತ್ತು. ಜೆಫ್ರೀಸ್ ಲಾರ್ಡ್ ಅಲ್ಲ, ಶ್ರೀಮಂತರಾದ ಪತ್ರಿಕಾ ಮಾಲೀಕರ ಜೊತೆ ಹೊಡೆದಾಡುವಷ್ಟು ಹಣ ಇದ್ದವರೂ ಅಲ್ಲ. ಗೆದ್ದರೆ ಮಾತ್ರ ಫೀ ಅನ್ನುವ ವ್ಯವಸ್ಥೆ ಅಲ್ಲಿ ಇದ್ದದ್ದರಿಂದ ಕೋರ್ಟಿಗೆ ಹೋಗುವುದಕ್ಕಾಯಿತು.

ಈಗ ಕೇಸ್ ಬೀಳುತ್ತಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ಬೀಳಬಹುದು. ಕಲಂ 356ರಲ್ಲಿ ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ ಇದೆ. ಹೊಸದಾಗಿ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ. ಈ ಕಾನೂನು ಕೊಟ್ಟ ಇಂಗ್ಲೆಂಡಿನಲ್ಲಿ ಮಾನನಷ್ಟ ಈಗ ಕ್ರಿಮಿನಲ್ ಅಪರಾಧ ಅಲ್ಲ, 2010ರಲ್ಲೇ ಅದು ಹೋಯಿತು. ನಮ್ಮಲ್ಲಿ 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರ್ಯಾದೆಯೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು.

ನಾನು ಬರೆದದ್ದಲ್ಲ, ಬರೀ ಫಾರ್ವರ್ಡ್ ಮಾಡಿದ್ದು ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಅರವಿಂದ್ ಕೇಜ್ರಿವಾಲ್ ಅವರ ಪ್ರಕರಣದಲ್ಲಿ, ಮಾನನಷ್ಟ ಮಾಡುವ ವಿಷಯವನ್ನು ರೀಟ್ವೀಟ್ ಮಾಡುವುದೂ ಪ್ರಕಟಣೆಯೇ ಅಂತ ಹೇಳಿ, ಕೆಳ ಕೋರ್ಟಿನ ಸಮನ್ಸ್ ರದ್ದು ಮಾಡಲು ಒಪ್ಪಲಿಲ್ಲ. ಮಹಿಳಾ ಪತ್ರಕರ್ತರ ಬಗ್ಗೆ ಕೀಳಾಗಿ ಬರೆದ ಪೋಸ್ಟನ್ನು ಹಂಚಿದ್ದ ತಮಿಳು ನಟ ಎಸ್.ವಿ. ಶೇಖರ್, ಓದದೆ ಕಳಿಸಿದ್ದೆ ಅಂದರು. 2023ರಲ್ಲಿ ಮದ್ರಾಸ್ ಹೈಕೋರ್ಟೂ ಸುಪ್ರೀಂ ಕೋರ್ಟೂ ಆ ಕಾರಣಕ್ಕೆ ಕೇಸ್ ಕೈಬಿಡಲಿಲ್ಲ. ಗ್ರೂಪ್ ಅಡ್ಮಿನ್‌ಗಳು ಮಾತ್ರ ಸ್ವಲ್ಪ ಉಸಿರು ಬಿಡಬಹುದು. ಬೇರೆಯವರು ಹಾಕಿದ ಮಾನನಷ್ಟದ ಮಾತಿಗೆ ಅಡ್ಮಿನ್ ಹೊಣೆ ಅಲ್ಲ ಅಂತ ದೆಹಲಿ ಹೈಕೋರ್ಟ್ 2016ರಲ್ಲೇ ಹೇಳಿದೆ. ಅವರೇ ಹಾಕಿದರೆ ಅವರೇ ಹೊಣೆ, ಅದು ಬೇರೆ ಮಾತು.

‘ಆರೋಪಿಸಲಾಗಿದೆ’, ‘ಅಂತೆ’, ‘ಮೂಲಗಳ ಪ್ರಕಾರ’ ಅಂತ ಸೇರಿಸಿದರೆ ಪಾರಾಗುತ್ತೇವೆ ಅಂತ ಬಹಳ ಜನ ನಂಬಿದ್ದಾರೆ. ಪಾರಾಗುವುದಿಲ್ಲ. ಇನ್ನೊಬ್ಬರು ಹೇಳಿದ್ದನ್ನು ನಾವು ಹೇಳಿದರೆ ಅದು ನಮ್ಮ ಮಾತೂ ಆಗುತ್ತದೆ. ನಿಜ ಇದ್ದರೆ ಸಾಕಲ್ವಾ ಅಂತಲೂ ಕೇಳುತ್ತಾರೆ. ಸಿವಿಲ್ ದಾವೆಯಲ್ಲಿ ಸಾಕು. ಕ್ರಿಮಿನಲ್ ಕೇಸಿನಲ್ಲಿ ನಿಜವೂ ಆಗಿರಬೇಕು, ಹೇಳಿದ್ದರಿಂದ ಸಾರ್ವಜನಿಕರಿಗೆ ಒಳಿತೂ ಆಗುವಂತಿರಬೇಕು. ಒಳ್ಳೆಯ ಮನಸ್ಸಿನಿಂದ ಹೇಳಿದೆ ಅನ್ನುವುದಕ್ಕೂ ಕಾನೂನು ಒಂದು ಷರತ್ತು ಹಾಕುತ್ತದೆ. ಎಚ್ಚರ ವಹಿಸಿ ವಿಚಾರಿಸಿ ನೋಡಿರಬೇಕು. ವಿಚಾರಿಸದೆ ನಂಬಿದವರಿಗೆ ಆ ರಕ್ಷಣೆ ಇಲ್ಲ.

ಆದರೂ, ಕ್ರಿಮಿನಲ್ ಕೇಸುಗಳ ಬಗ್ಗೆ ಮಾತಾಡಲೇಬಾರದು ಅಂತ ಕಾನೂನು ಎಲ್ಲೂ ಹೇಳಿಲ್ಲ. ಕಲಂ 356ಕ್ಕೆ ಹತ್ತು ವಿನಾಯಿತಿಗಳಿವೆ. ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ವರದಿ ಮಾಡಬಹುದು. ತೀರ್ಪು ಬಂದ ಮೇಲೆ ಆ ಕೇಸಿನ ಸರಿ ತಪ್ಪಿನ ಬಗ್ಗೆ, ಸಾಕ್ಷಿಗಳ ನಡವಳಿಕೆ ಬಗ್ಗೆ ಅಭಿಪ್ರಾಯ ಹೇಳಬಹುದು. ಇದಕ್ಕೂ ಕಾನೂನು ಒಂದು ಸೊಗಸಾದ ಉದಾಹರಣೆ ಕೊಡುತ್ತದೆ. ‘ಝಡ್ ಕೊಟ್ಟ ಸಾಕ್ಷ್ಯ ಎಷ್ಟು ಹಿಂದೆಮುಂದೆ ಇದೆ ಅಂದರೆ ಅವನು ಪೆದ್ದನೋ ಅಪ್ರಾಮಾಣಿಕನೋ ಇರಬೇಕು’ ಅಂತ ಹೇಳಿದರೆ ಪರವಾಗಿಲ್ಲ, ಯಾಕೆಂದರೆ ಆ ಅಭಿಪ್ರಾಯ ಅವನ ಸಾಕ್ಷ್ಯದಿಂದಲೇ ಹುಟ್ಟಿದೆ. ‘ಝಡ್ ಹೇಳಿದ್ದನ್ನು ನಾನು ನಂಬಲ್ಲ, ಅವನು ಎಂಥ ಸುಳ್ಳ ಅಂತ ನನಗೆ ಗೊತ್ತು’ ಅಂದರೆ ಆ ರಕ್ಷಣೆ ಹೋಯಿತು, ಯಾಕೆಂದರೆ ಅದು ಕೋರ್ಟಿನಲ್ಲಿ ಕಂಡದ್ದಲ್ಲ. ಗೆರೆ ಎಲ್ಲಿದೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ ಅಂತ ನನ್ನ ಅನಿಸಿಕೆ. ಪೊಲೀಸರ ತನಿಖೆ ಸೋತಿದ್ದರೆ ಅದನ್ನೂ ಬರೆಯಬಹುದು. ಸರ್ಕಾರಿ ಕೆಲಸದಲ್ಲಿರುವವರು ಆ ಕೆಲಸ ಹೇಗೆ ಮಾಡಿದರು ಅಂತ ಟೀಕಿಸುವುದಕ್ಕೂ ಒಂದು ವಿನಾಯಿತಿ ಇದೆ.

ಓದಲು ಬೇಕಾದದ್ದು ಕೈಗೆ ಸಿಗುತ್ತದೆ ಕೂಡ. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಎಫ್‌ಐಆರ್‌ಗಳನ್ನು ಪೊಲೀಸರು ಸಾಮಾನ್ಯವಾಗಿ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು. ಕೇಸ್ ಯಾವ ಹಂತದಲ್ಲಿದೆ ಅಂತ ಕೋರ್ಟುಗಳ ವೆಬ್‌ಸೈಟ್ ಆದ ಇ-ಕೋರ್ಟ್ಸ್‌ನಲ್ಲಿ ನೋಡಬಹುದು. ಎಫ್‌ಐಆರ್‌ನಲ್ಲಿ ಹೀಗೆ ಬರೆದಿದೆ ಅನ್ನುವುದು ಬೇರೆ, ಹೀಗೆ ನಡೆದಿದೆ ಅನ್ನುವುದು ಬೇರೆ. ಎಫ್‌ಐಆರ್ ಅಂದರೆ ದೂರು ಕೊಟ್ಟವರ ಮಾತು ಅಷ್ಟೇ. ಇನ್ನು ಕೆಲವು ಹೆಸರುಗಳನ್ನು ಯಾವ ಸದುದ್ದೇಶಕ್ಕೂ ಹೇಳುವ ಹಾಗಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು, ಪೋಕ್ಸೋ ಪ್ರಕರಣದ ಮಗುವಿನ ಗುರುತು, ಅಪರಾಧ ಮಾಡಿದ್ದಾನೆ ಅನ್ನಲಾದ ಬಾಲಕನ ಗುರುತು. ‘ನ್ಯಾಯ ಸಿಗಲಿ’ ಅಂತ ಫೋಟೋ ಹಾಕುವುದೂ ಅಪರಾಧವೇ. ಕಠುವಾ ಪ್ರಕರಣದಲ್ಲಿ ಮಗುವಿನ ಹೆಸರು ಹೇಳಿದ ಮಾಧ್ಯಮ ಸಂಸ್ಥೆಗಳಿಗೆ 2018ರಲ್ಲಿ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು.

ಇಷ್ಟೆಲ್ಲ ಬರೆದ ಮೇಲೆ, ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಅಂತ ಯಾರಿಗಾದರೂ ಅನ್ನಿಸಿದರೆ ನನಗೆ ಬೇಜಾರಾಗುತ್ತದೆ. ಈ ಕಾನೂನನ್ನು ದೊಡ್ಡವರು ಅದಕ್ಕೇ ಬಳಸುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಪತ್ರಕರ್ತೆ ಪ್ರಿಯಾ ರಮಣಿ, ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಅವರ ಹೆಸರು ಹೇಳಿ, ವರ್ಷಗಳ ಹಿಂದೆ ತಮ್ಮ ಜೊತೆ ಅವರು ನಡೆದುಕೊಂಡ ರೀತಿಯ ಬಗ್ಗೆ ಟ್ವೀಟ್ ಮಾಡಿದರು. ಅಕ್ಬರ್ ಆರೋಪ ನಿರಾಕರಿಸಿ ಕ್ರಿಮಿನಲ್ ಮಾನನಷ್ಟ ದೂರು ಕೊಟ್ಟರು. ರಮಣಿ ಎರಡು ವರ್ಷಕ್ಕೂ ಜಾಸ್ತಿ ಕಟಕಟೆಯಲ್ಲಿ ನಿಲ್ಲಬೇಕಾಯಿತು. 2021ರ ಫೆಬ್ರವರಿ 17ರಂದು ದೆಹಲಿಯ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಲೈಂಗಿಕ ಕಿರುಕುಳದ ವಿರುದ್ಧ ದನಿ ಎತ್ತಿದ್ದಕ್ಕೆ ಹೆಣ್ಣಿಗೆ ಶಿಕ್ಷೆ ಕೊಡುವ ಹಾಗಿಲ್ಲ, ಎಷ್ಟೋ ವರ್ಷ ಆದಮೇಲೂ ಆಕೆ ಹೇಳಬಹುದು ಅಂತ ಕೋರ್ಟ್ ಹೇಳಿತು.

ರಮಣಿ ಮಾಡಿದ್ದಕ್ಕೂ ಬರ್ಕೋ ಮಾಡಿದ್ದಕ್ಕೂ ಆಕಾಶ ಭೂಮಿಯ ಅಂತರ ಇದೆ. ರಮಣಿ ತನಗೆ ಆದದ್ದನ್ನು ತನ್ನ ಹೆಸರಿನಲ್ಲೇ ಹೇಳಿದರು, ಪಾಟೀ ಸವಾಲಿಗೆ ನಿಂತರು. ಬರ್ಕೋ ಯಾರಿಗೋ ಆದದ್ದಕ್ಕೆ ಯಾರನ್ನೋ ಊಹೆ ಮಾಡಿದರು. ಅಂಥ ಊಹೆಗಳಿಂದ ನಿಜವಾಗಿ ನೊಂದವರಿಗೇ ಪೆಟ್ಟು ಬೀಳುತ್ತದೆ. ವೇಲ್ಸ್‌ನ ಆ ಆಶ್ರಯಧಾಮಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಆದದ್ದು ಸುಳ್ಳಲ್ಲ. ಆದರೆ ಆ ನವೆಂಬರ್ ಪೂರ್ತಿ ಎಲ್ಲರೂ ಮಾತಾಡಿದ್ದು ಒಬ್ಬ ಲಾರ್ಡ್‌ನ ಹೆಸರು ಹೇಗೆ ಹಾಳಾಯಿತು ಅನ್ನುವುದರ ಬಗ್ಗೆ.

ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟುಗಳಿಂದ ಬರುವ ಏಕಪಕ್ಷೀಯ ತಡೆಯಾಜ್ಞೆಗಳ ಬಗ್ಗೆಯೂ ಹೇಳಬೇಕು. ಎದುರಿನವರ ಮಾತು ಕೇಳುವ ಮೊದಲೇ ಬರೆಯಬೇಡಿ, ತೋರಿಸಬೇಡಿ ಅಂತ ಆದೇಶ ಆಗಿಬಿಡುತ್ತದೆ. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದಲ್ಲಿ ಹೀಗೇ ಎಂಟು ಸಾವಿರಕ್ಕೂ ಜಾಸ್ತಿ ಲಿಂಕ್‌ಗಳನ್ನು ತೆಗೆಯಲು ಆದೇಶ ಆಯಿತು. ಒಂದು ಯೂಟ್ಯೂಬ್ ಚಾನೆಲ್ ಅದನ್ನು ಪ್ರಶ್ನಿಸಿದಾಗ, ಆಗಸ್ಟ್ 1ರಂದು ಹೈಕೋರ್ಟ್ ಆ ಆದೇಶ ರದ್ದು ಮಾಡಿ ವಿಷಯವನ್ನು ಮತ್ತೆ ಕೆಳ ಕೋರ್ಟಿಗೆ ಕಳಿಸಿತು. ವಿಚಾರಣೆಗೆ ಮೊದಲೇ ಬರಹವನ್ನು ತಡೆಯುವುದು ತೀರಾ ಅಪರೂಪಕ್ಕೆ ಮಾತ್ರ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿತ್ತು. ಆದರೂ ಸಾವಿರಾರು ಲಿಂಕ್ ತೆಗೆಸುವ ಆದೇಶ ಒಬ್ಬರಿಗೆ ಸಿಗುತ್ತದೆ. ತನ್ನ ಮುಖಕ್ಕೆ ಕೆಂಪು ಸುತ್ತು ಹಾಕಿದ ಒಂದು ಚಿತ್ರ ತೆಗೆಸುವ ದಾರಿ ಇನ್ನೊಬ್ಬನಿಗೆ ಗೊತ್ತೇ ಇರುವುದಿಲ್ಲ.

ಕೆಲವೊಮ್ಮೆ ದಾರಿ ಹುಡುಕುವುದಕ್ಕೆ ಆ ಮನುಷ್ಯನೇ ಉಳಿಯುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಗುಂಪು ಹೊಡೆದು ಕೊಂದಿತು. ಜೊತೆಯಲ್ಲಿದ್ದವರಿಗೂ ಪೆಟ್ಟಾಯಿತು. ಅವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಅವರು ಕಾರಿನಲ್ಲಿ ಮುಂದಿನ ಊರು ಮುಟ್ಟುವ ಮೊದಲೇ ಆ ಮೆಸೇಜು ಮುಟ್ಟಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಐದು ಚಾಟ್‌ಗಳಿಗೆ ಮಿತಿಗೊಳಿಸಲು ಶುರು ಮಾಡಿತು. ಐದು ಗುಂಪು ಅಂದರೂ ಸಾವಿರ ಜನ ಆಗಬಹುದು.

ಕೊರಿಯರ್ ಹುಡುಗ ಹೋದಮೇಲೆ ನಾವು ಕೆಲವರು ಕಾರ್ಯದರ್ಶಿಗಳ ಜೊತೆ ಕೂತು ಮಾತಾಡಿದೆವು. ಡಿಲೀಟ್ ಮಾಡಿದರೆ ಸಾಲದು, ಅದು ನಮ್ಮ ಕಣ್ಣಿಗೆ ಕಾಣದ ಹಾಗೆ ಆಗುತ್ತದೆ ಅಷ್ಟೇ, ಆ ಚಿತ್ರ ನೋಡಿದವರಿಗೆ ನಿಜ ಗೊತ್ತಾಗುವುದಿಲ್ಲ ಅಂತ ನಾನು ಹೇಳಿದೆ. ಹುಡುಗನ ಒಪ್ಪಿಗೆ ಪಡೆದು ಒಂದು ಮೆಸೇಜ್ ಬರೆದೆವು. ಅದರಲ್ಲಿ ಅವನ ಹೆಸರು ಹಾಕಲಿಲ್ಲ. ‘ಈ ಚಿತ್ರದಲ್ಲಿರುವವರು ಪಾರ್ಸೆಲ್ ತಲುಪಿಸಲು ಬಂದವರು. ಕಳ್ಳತನಕ್ಕೂ ಅವರಿಗೂ ಸಂಬಂಧ ಇಲ್ಲ. ನಮ್ಮ ಗುಂಪಿನಿಂದ ಹೋದ ತಪ್ಪು ಮಾಹಿತಿಗೆ ಕ್ಷಮೆ ಕೇಳುತ್ತೇವೆ. ಚಿತ್ರ ಕಳಿಸಿದ ಎಲ್ಲ ಕಡೆಗೂ ಇದನ್ನು ಕಳಿಸಿ.’ ಕಾರ್ಯದರ್ಶಿಗಳು ತಮ್ಮ ಹೆಸರಿನಲ್ಲೇ ಹಾಕಿದರು. ಆ ಚಿತ್ರ ಹರಡಿದಷ್ಟು ವೇಗವಾಗಿ ಇದು ಹರಡಲಿಲ್ಲ. ಆದರೂ ನನ್ನ ನೆಂಟರಿಗೆ ನಾನೇ ಕಳಿಸಿದೆ, ಅವರು ತಮಗೆ ಕಳಿಸಿದವರಿಗೆ ವಾಪಸ್ ಕಳಿಸಿದರು. ಈಗ ನಮ್ಮ ಗುಂಪಿನಲ್ಲಿ ಸಿಸಿಟಿವಿ ತುಣುಕು ಸಿಕ್ಕಿದರೆ ಮೊದಲು ಠಾಣೆಗೆ ಕೊಡಬೇಕು, ಗುಂಪಿಗೆ ಹಾಕಬಾರದು ಅಂತ ಮಾತಾಗಿದೆ. ಕಾನೂನಿನಲ್ಲೂ ಇದಕ್ಕೆ ರಕ್ಷಣೆ ಇದೆ. ಅನುಮಾನವನ್ನು ಅದನ್ನು ವಿಚಾರಿಸುವ ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ಹೇಳಿದರೆ ಅದು ಮಾನನಷ್ಟ ಅಲ್ಲ. ಹತ್ತು ವಿನಾಯಿತಿಗಳಲ್ಲಿ ಅದು ಎಂಟನೆಯದು.